ಕಾಫಿ ಸೀಮೆಯ ಪೋಷಕರೂ ಪಟ್ಟಣದ ಶಾಲೆಗಳೂ: ‘ಸಹವಾಸ’ ವಿಚಾರ

ಮಕ್ಕಳನ್ನು ವಿದ್ಯಾಭ್ಯಾಸಕ್ಕಾಗಿ ದೂರದ ಪಟ್ಟಣಗಳಿಗೆ ಕಳುಹಿಸುವ ರೂಢಿ ಮಲೆನಾಡಿನಲ್ಲಿ ಹೊಸದಲ್ಲ. ಮನೆಗಳು ಒಂದಕ್ಕೊಂದು ದೂರ. ಮಳೆಗಾಲದಲ್ಲಿ ಹಳ್ಳಗಳು ತುಂಬಿ ದಾರಿ ಕಟ್ಟುತ್ತವೆ. ಹೀಗಿರಲು ಮನೆಯಲ್ಲೇ ನಿಂತು ಓದುವುದು ಮಕ್ಕಳಿಗೆ ಸುಲಭವಲ್ಲವೆಂಬುದನ್ನು ಎಲ್ಲರೂ ಬಲ್ಲರು. ಆದರೆ ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿ ಸೀಮೆಯಲ್ಲಿ ಈ ರೂಢಿಯನ್ನು ದೂರ ಮತ್ತು ಮಳೆಗಳಿಂದ ಮಾತ್ರವೇ ವಿವರಿಸಲು ಬರುವುದಿಲ್ಲ. ಹತ್ತಿರದಲ್ಲಿ ಶಾಲೆಯಿದ್ದಾಗಲೂ, ಆ ಶಾಲೆಯಲ್ಲಿ ಒಳ್ಳೆಯ ಉಪಾಧ್ಯಾಯರಿದ್ದಾಗಲೂ, ಅನುಕೂಲವಂತ ಮನೆಗಳ ಮಕ್ಕಳು ಅದನ್ನು ದಾಟಿ ಹೋಗಿದ್ದಾರೆ. ಏಕೆಂದು ಕೇಳಿದರೆ ಬರುವ ಉತ್ತರದಲ್ಲಿ ಇಂಗ್ಲಿಷು, ಶಿಸ್ತು ಎಂಬ ಎರಡು ಮಾತುಗಳ ಜೊತೆಗೆ ಮೂರನೆಯದೊಂದು ಮಾತು ಸಾಮಾನ್ಯವಾಗಿ ಇದ್ದೇ ಇರುತ್ತದೆ: ಸಹವಾಸ. ಮೊದಲಿನ ಎರಡು, ಶಾಲೆಯು ಏನನ್ನು ಕಲಿಸುತ್ತದೆಂಬುದಕ್ಕೆ ಸಂಬಂಧಿಸಿದುವು. ಮೂರನೆಯದು, ಮಗು ಯಾರ ಪಕ್ಕದಲ್ಲಿ ಕುಳಿತುಕೊಳ್ಳುತ್ತದೆಂಬುದಕ್ಕೆ. ಈ ಸೀಮೆಯ ಶಾಲೆಗಳ ಚರಿತ್ರೆಯನ್ನು ತಿಳಿಯಬೇಕಾದರೆ ಈ ಮೂರನೆಯ ಮಾತನ್ನು ಹಿಡಿದು ಹೊರಡಬೇಕೆಂಬುದು ನಮ್ಮ ಅಭಿಪ್ರಾಯ. ಒಂದು ಕಾಲಕ್ಕೆ ಅದರ ಅರ್ಥ ಮೈಬಣ್ಣ ಮತ್ತು ಜನಾಂಗ, ಮುಂದೆ ಜಾತಿ, ಈಗ ಬಹುಮಟ್ಟಿಗೆ ಹಣ ಮತ್ತು ಭಾಷೆ. ಒಂದು ಹೋಗಿ ಇನ್ನೊಂದು ಬಂದಿತೆನ್ನುವುದಕ್ಕಿಂತ, ಒಂದರ ಮೇಲೊಂದು ಕುಳಿತುವು ಎನ್ನುವುದೇ ಸರಿ.

ಈ ಬೆಟ್ಟಗಳಿಗೆ ಐರೋಪ್ಯ ಪ್ಲಾಂಟರುಗಳು ಬಂದು ನೆಲೆಸಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಅವರಲ್ಲಿ ಬರವಣಿಗೆಯಿಂದ ಹೆಸರಾದವನು ಮಂಜರಾಬಾದಿನ ರಾಬರ್ಟ್ ಎಲಿಯಟ್. ಮೂಡಿಗೆರೆಗೆ ತಾಗಿದ ಸೀಮೆಯಲ್ಲಿ ತೋಟ ಮಾಡಿದ ಈತನು 1871ರಲ್ಲಿ ಒಂದು, 1894ರಲ್ಲಿ ಇನ್ನೊಂದು ಗ್ರಂಥವನ್ನು ಪ್ರಕಟಿಸಿದನು. ಎರಡನೆಯದರಲ್ಲಿ ಚಿನ್ನ, ಬೇಟೆ, ಕಾಫಿಗಳ ನಡುವೆ ಜಾತಿಪದ್ಧತಿಗೂ ಒಂದು ಅಧ್ಯಾಯ ಮೀಸಲಾಗಿದೆ. ಅದೂ ಜಾತಿಯನ್ನು ಬಹುಮಟ್ಟಿಗೆ ಸಮರ್ಥಿಸುವ ಅಧ್ಯಾಯ. ಸಮುದ್ರ ದಾಟಿ ಬಂದ ದೊರೆಗೆ ಊರಿನವರ ಮೇಲುಕೀಳು ಅಷ್ಟು ಬೇಗ ಒಗ್ಗಿದುದರಲ್ಲಿ ಆಶ್ಚರ್ಯವೇನೂ ಇಲ್ಲ. ದೊರೆಗಳ ಸಮಾಜವೂ ಹೆಚ್ಚುಕಡಿಮೆ ಅದೇ ಕಟ್ಟಿನ ಮೇಲೆ ನಿಂತಿದ್ದಿತು.

ಪ್ಲಾಂಟರುಗಳ ಮಕ್ಕಳ ವಿಷಯದಲ್ಲಿ ಈ ಕಟ್ಟು ಸ್ಪಷ್ಟವಾಗಿ ಕಾಣುತ್ತದೆ. ಬಂಗಲೆಯ ಮಗು ಆಯಾಳ ಕಂಕುಳಲ್ಲಿ ಬೆಳೆಯುತ್ತಿತ್ತು. ಅದರ ಮೊದಲ ಮಾತುಗಳು ಎಷ್ಟೋ ವೇಳೆ ಆಯಾಳ ಮಾತುಗಳೇ. ಏಳೆಂಟು ವರ್ಷವಾಗುತ್ತಲೇ ಅದನ್ನು ಅಲ್ಲಿಂದ ಬಿಡಿಸಬೇಕೆಂಬುದು ಭಾರತದಲ್ಲಿದ್ದ ಆಂಗ್ಲ ಕುಟುಂಬಗಳ ಸಾಮಾನ್ಯ ನಿಯಮವಾಗಿದ್ದಿತು. ಹವೆ ಒಗ್ಗದೆಂಬುದು ಹೊರಗೆ ಹೇಳುವ ಕಾರಣ. ಸೇವಕರ ಮಾತಿನ ಧಾಟಿ ನಾಲಗೆಗೆ ಹತ್ತಿಬಿಟ್ಟೀತೆಂಬ ಅಂಜಿಕೆ, ಅದರ ಹಿಂದಿನ ಕಾರಣ. ಶಕ್ತಿಯಿದ್ದವರು ಮಕ್ಕಳನ್ನು ಇಂಗ್ಲೆಂಡು, ಸ್ಕಾಟ್ಲೆಂಡುಗಳಿಗೆ ಕಳುಹಿಸಿದರು. ಅಷ್ಟು ಶಕ್ತಿಯಿಲ್ಲದವರಿಗೆ ನೀಲಗಿರಿಯೂ ಬೆಂಗಳೂರಿನ ದಂಡು ಪ್ರದೇಶವೂ ಇದ್ದುವು. ಲವ್‌ಡೇಲಿನ ಲಾರೆನ್ಸ್ ಶಾಲೆ 1858ರದು. ಬೆಂಗಳೂರಿನ ಬಿಷಪ್ ಕಾಟನ್ ಶಾಲೆ 1865ರದು. ಮೆಥಡಿಸ್ಟರ ಬಾಲ್ಡ್‌ವಿನ್ ಶಾಲೆ 1880ರದು. ಫ್ರೆಂಚ್ ಪಾದ್ರಿಗಳ ಸೇಂಟ್ ಜೋಸೆಫ್ ಸಂಸ್ಥೆ 1882ರದು. 1881ರಲ್ಲಿ ಮೈಸೂರು ಸಂಸ್ಥಾನವು ಒಡೆಯರಿಗೆ ಮರಳಿದಾಗ ದಂಡು ಪ್ರದೇಶವು ಮಾತ್ರ ಬ್ರಿಟಿಷರ ಕೈಯಲ್ಲಿಯೇ ಉಳಿದು, 1947ರವರೆಗೆ ಹಾಗೆಯೇ ನಡೆಯಿತಷ್ಟೆ. ಆದುದರಿಂದ ಕಡೂರು ಜಿಲ್ಲೆಯ (ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಆಗಿನ ಹೆಸರು) ಬೆಟ್ಟದಿಂದ ಬೆಂಗಳೂರಿಗೆ ಬಂದ ಬಿಳಿಯರ ಮಗು ಮೈಸೂರಿನ ಶಾಲೆಗೆ ಬಂದಂತಾಗುತ್ತಿರಲಿಲ್ಲ. ಆಡಳಿತದ ದೃಷ್ಟಿಯಿಂದ ಬೇರೊಂದು ರಾಜ್ಯದ ಶಾಲೆಗೆ ಹೋದಂತೆ ಆಗುತ್ತಿತ್ತು.

ಇಲ್ಲಿ ಜನಾಂಗದ ಪ್ರಶ್ನೆಯೊಳಗೆ ವರ್ಗದ ಪ್ರಶ್ನೆಯೂ ಸೇರಿಕೊಂಡಿದ್ದಿತೆಂಬುದನ್ನು ಮರೆಯಲಾಗದು. ಬಡ ಬಿಳಿಯರ ಮತ್ತು ಮಿಶ್ರಸಂತಾನದ ಮಕ್ಕಳು ಓದಿಲ್ಲದೆ ಬೀದಿಗೆ ಬಿದ್ದರೆ ಅದು ಸರ್ಕಾರಕ್ಕೇ ಅಪಕೀರ್ತಿಯೆಂದು ಗವರ್ನರ್ ಜನರಲ್ ಕ್ಯಾನಿಂಗನು 1860ರಲ್ಲಿ ಎಚ್ಚರಿಸಿದ್ದನು. ಐರೋಪ್ಯ ಶಾಲೆಗಳಿಗೆ ಸರ್ಕಾರದ ಸಹಾಯಧನ ದೊರೆತದ್ದು ಈ ಆತಂಕದಿಂದ. ಸಹಾಯಧನದೊಂದಿಗೆ ನಿಬಂಧನೆಗಳೂ ಬಂದುವು. ಅಂಥ ಶಾಲೆಗಳಲ್ಲಿ ಭಾರತೀಯ ಮಕ್ಕಳ ಪ್ರಮಾಣಕ್ಕೆ ಮಿತಿಯಿದ್ದಿತು. ಸೇಂಟ್ ಜೋಸೆಫ್ ಸಂಸ್ಥೆಯಲ್ಲಿ ಐರೋಪ್ಯರಿಗೆ ಒಂದು ಶಾಲೆ, ಭಾರತೀಯರಿಗೆ ಇನ್ನೊಂದು. 1904ರಲ್ಲಿ ಮೊದಲಾದ ಎರಡನೆಯದು ‘ಇಂಡಿಯನ್ ಹೈಸ್ಕೂಲ್’ ಎಂಬ ಹೆಸರನ್ನು ಇಂದಿಗೂ ಉಳಿಸಿಕೊಂಡಿದೆ. ಮೊದಲನೆಯದು ‘ಯುರೋಪಿಯನ್’ ಎಂಬ ವಿಶೇಷಣವನ್ನು ಬಿಟ್ಟುಕೊಟ್ಟದ್ದು 1968ರಲ್ಲಿ, ಎಂದರೆ ಸ್ವಾತಂತ್ರ್ಯ ಬಂದು ಇಪ್ಪತ್ತೊಂದು ವರ್ಷಗಳ ತರುವಾಯ.

ಇತ್ತ ಸಂಸ್ಥಾನದ ಶಾಲೆಗಳಲ್ಲಿ ಮೈಬಣ್ಣದ ಪ್ರಶ್ನೆ ಇರಲಿಲ್ಲ. ಜಾತಿಯ ಪ್ರಶ್ನೆ ಇದ್ದಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಪ್ರಾಥಮಿಕ ವಿದ್ಯಾಭ್ಯಾಸದ ಕಾನೂನು ಬಂದಿತು. ಅದೇ ದಶಕದಲ್ಲಿ, ಆಗ ಪಂಚಮರೆಂದು ಕರೆಯಲ್ಪಡುತ್ತಿದ್ದ ಜನರ ಮಕ್ಕಳಿಗೆ ಸಾಮಾನ್ಯ ಸರ್ಕಾರಿ ಶಾಲೆಗಳ ಬಾಗಿಲನ್ನು ತೆರೆಯಲು ಸರ್ಕಾರವು ಮುಂದಾಯಿತು. ಮೇಲುಜಾತಿಯ ಪೋಷಕರು ತಮ್ಮ ಮಕ್ಕಳನ್ನು ಶಾಲೆ ಬಿಡಿಸಿದ ಪ್ರಸಂಗಗಳು ಆಗ ನಡೆದುವು. ಪಾಠ ಅದೇ, ಉಪಾಧ್ಯಾಯರು ಅವರೇ, ಕಟ್ಟಡವೂ ಅದೇ. ಬದಲಾದದ್ದು ಪಕ್ಕದಲ್ಲಿ ಕುಳಿತ ಮಗು ಮಾತ್ರ. ಬಂಗಲೆಯ ತಾಯಿಯ ಅಂಜಿಕೆಗೂ ಊರಿನ ತಂದೆಯ ಅಂಜಿಕೆಗೂ ಆ ದಿವಸಗಳಲ್ಲಿ ಹೆಚ್ಚಿನ ಅಂತರವಿರಲಿಲ್ಲವೆಂದು ನಾವು ಹೇಳಿದರೆ ಅದು ಕಟುವೆನಿಸಬಹುದು, ಅಸತ್ಯವೆನಿಸಲಾರದು.

ಮಲೆನಾಡಿನ ಒಕ್ಕಲಿಗ ಮತ್ತು ಲಿಂಗಾಯತ ಮನೆತನಗಳು ಇಂಗ್ಲಿಷ್ ವಿದ್ಯೆಗೆ ಪಟ್ಟಣದತ್ತ ಮುಖಮಾಡಿದ ಕಾಲವೂ ಇದೇ. ಇದನ್ನು ಬರಿಯ ಡೌಲೆಂದು ತಳ್ಳಿಹಾಕುವುದು ಅನ್ಯಾಯ. ಸರ್ಕಾರದ ನೌಕರಿಗಳಲ್ಲಿ ಬ್ರಾಹ್ಮಣರೇ ಅಧಿಕವಾಗಿದ್ದ ಸ್ಥಿತಿಯನ್ನು ಪರಿಶೀಲಿಸಲು 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾದದ್ದೂ, ಅದರ ಶಿಫಾರಸುಗಳಂತೆ ಹಿಂದುಳಿದ ಕೋಮುಗಳಿಗೆ ಪ್ರಾಶಸ್ತ್ಯ ದೊರೆತದ್ದೂ ಇತಿಹಾಸದ ವಿದ್ಯಾರ್ಥಿಗಳಿಗೆ ತಿಳಿದ ವಿಷಯ. ಪ್ರಾಶಸ್ತ್ಯ ದೊರೆತರೂ ಪಡೆಯಲು ಓದಿದ ಹುಡುಗರು ಬೇಕಷ್ಟೆ. 1906ರಲ್ಲಿ ಸ್ಥಾಪಿತವಾದ ಒಕ್ಕಲಿಗರ ಸಂಘವೂ ಆ ಕಾಲದ ಇತರ ಕೋಮುಗಳ ಸಂಸ್ಥೆಗಳೂ ನಡೆಸಿದ ವಿದ್ಯಾರ್ಥಿನಿಲಯಗಳು ಇಲ್ಲದಿದ್ದರೆ ಹಳ್ಳಿಯ ಎಷ್ಟೋ ಹುಡುಗರು ಬೆಂಗಳೂರು, ಮೈಸೂರುಗಳಲ್ಲಿ ಒಂದು ತಿಂಗಳೂ ನಿಲ್ಲಲಾರದೆ ಹೋಗುತ್ತಿದ್ದರು. ಅಂತೂ ಹುಡುಗನು ಊರನ್ನು ಬಿಟ್ಟರೂ ಪಂಕ್ತಿಯನ್ನು ಬಿಡದಂತೆ ಆ ನಿಲಯಗಳು ನೋಡಿಕೊಂಡುವು ಎಂಬುದೂ ನಿಜವೇ. ಶಾಲೆಯ ಬೆಂಚಿನ ಮೇಲೆ ಬೆರೆಯುವುದು, ಊಟದ ಎಲೆಯ ಮುಂದೆ ಬೇರೆಯಾಗುವುದು: ಈ ಏರ್ಪಾಡಿನಿಂದ ಪೋಷಕರ ಮನಸ್ಸಿಗೆ ನೆಮ್ಮದಿಯಿದ್ದಿತು.

ಭಾರತೀಯ ಬೆಳೆಗಾರರಲ್ಲಿ ಶ್ರೀಮಂತರಾದವರು ಇನ್ನೊಂದು ದಾರಿಯನ್ನೂ ಕಂಡಿದ್ದರು. ನೆರೆಯ ಕೊಡಗಿನಲ್ಲಿ ಇದಕ್ಕೆ ಹೆಸರಾಂತ ನಿದರ್ಶನವಿದೆ. ಮುಂದೆ ಭಾರತದ ಭೂಸೇನೆಯ ಮುಖ್ಯಸ್ಥರಾದ ಜನರಲ್ ತಿಮ್ಮಯ್ಯನವರು 1906ರಲ್ಲಿ ಮಡಿಕೇರಿಯ ಕಾಫಿ ಬೆಳೆಗಾರ ಮನೆತನದಲ್ಲಿ ಹುಟ್ಟಿದವರು. ಎಳೆಯ ವಯಸ್ಸಿನಲ್ಲಿಯೇ ಅವರನ್ನು ಕೂನೂರಿನ ಕಾನ್ವೆಂಟಿಗೆ, ಅನಂತರ ಬಿಷಪ್ ಕಾಟನ್ ಶಾಲೆಗೆ ಕಳುಹಿಸಲಾಯಿತು. ದೊರೆಗಳ ಮಕ್ಕಳಿಗಾಗಿ ಮಾಡಿದ ಬೆಂಚಿನ ಮೇಲೆ ತಮ್ಮ ಮಗನಿಗೆ ಒಂದು ಜಾಗ: ಇದನ್ನು ಬಯಸಿದ ಮನೆಗಳು ಕೊಡಗಿನಲ್ಲಿ ಮಾತ್ರ ಇದ್ದುವೆಂದು ಭಾವಿಸಬೇಕಾಗಿಲ್ಲ. ಹಾಗೆ ಬಯಸುವುದರಲ್ಲಿ ಸ್ವಾಭಿಮಾನವೂ ಇದ್ದಿತು. ತಮ್ಮನ್ನು ಹೊರಗೆ ನಿಲ್ಲಿಸಿದ ಬಾಗಿಲಿನೊಳಗೆ ಹೋಗುವುದು ಒಂದು ಬಗೆಯ ಗೆಲುವೇ ಸರಿ. ಆದರೆ ಒಳಗೆ ಹೋದವರು ಬಾಗಿಲನ್ನು ಏನು ಮಾಡಿದರೆಂಬುದು ಬೇರೆ ಪ್ರಶ್ನೆ.

ಆ ಬಾಗಿಲಿನ ಮೇಲೆ ಬರೆದಿದ್ದ ಜನಾಂಗವೆಂಬ ಪದವನ್ನು ಅಳಿಸಿದ್ದು ಸಂವಿಧಾನ. ಸರ್ಕಾರ ನಡೆಸುವ ಅಥವಾ ಸರ್ಕಾರದ ಹಣ ಪಡೆಯುವ ಯಾವ ವಿದ್ಯಾಸಂಸ್ಥೆಯೂ ಧರ್ಮ, ಜನಾಂಗ, ಜಾತಿ, ಭಾಷೆಗಳ ಕಾರಣ ಮಾತ್ರದಿಂದ ಯಾವ ನಾಗರಿಕನಿಗೂ ಪ್ರವೇಶವನ್ನು ನಿರಾಕರಿಸಕೂಡದೆಂದು 29ನೆಯ ವಿಧಿ ಹೇಳುತ್ತದೆ. 337ನೆಯ ವಿಧಿಯು ಆಂಗ್ಲೋ-ಇಂಡಿಯನ್ ಶಾಲೆಗಳಿಗೆ ಹತ್ತು ವರ್ಷಗಳವರೆಗೆ, ಮೂರು ವರ್ಷಕ್ಕೊಮ್ಮೆ ಇಳಿಯುತ್ತ ಬರುವ ಸಹಾಯಧನವನ್ನು ಕೊಟ್ಟಿತು; ಆದರೆ ಪ್ರತಿವರ್ಷದ ಪ್ರವೇಶದಲ್ಲಿ ಕಡಮೆಯೆಂದರೆ ನೂರಕ್ಕೆ 40 ಸ್ಥಾನಗಳನ್ನು ಇತರರಿಗೆ ತೆರೆದಿಡಬೇಕೆಂಬ ಕಟ್ಟಳೆಯನ್ನೂ ಅದಕ್ಕೆ ಜೋಡಿಸಿತು. ಈ ಕಟ್ಟಳೆಯ ಪರೀಕ್ಷೆ ನಡೆದದ್ದು ಮುಂಬಯಿ ಪ್ರಾಂತದಲ್ಲಿ. ಇಂಗ್ಲಿಷ್ ಮಾಧ್ಯಮದ ಶಾಲೆಗಳು ಆಂಗ್ಲೋ-ಇಂಡಿಯನ್ನರನ್ನೂ ಏಷ್ಯದವರಲ್ಲದವರನ್ನೂ ಬಿಟ್ಟು ಬೇರೆಯವರನ್ನು ಸೇರಿಸಿಕೊಳ್ಳಕೂಡದೆಂದು ಅಲ್ಲಿನ ಸರ್ಕಾರವು 1954ರ ಜನವರಿಯಲ್ಲಿ ಆಜ್ಞೆ ಹೊರಡಿಸಿತು. ದೇಶಭಾಷೆಗಳ ಏಳಿಗೆಯೇ ಅದರ ಉದ್ದೇಶವೆಂದು ಸರ್ಕಾರದ ವಾದ. ಉದ್ದೇಶ ಏನೇ ಇರಲಿ, ಪರಿಣಾಮದಲ್ಲಿ ಇದು ನಾಗರಿಕರಿಗೆ ಪ್ರವೇಶ ನಿರಾಕರಣೆಯೇ ಎಂದು ಸರ್ವೋಚ್ಚ ನ್ಯಾಯಾಲಯವು ಅದೇ ವರ್ಷದ ಮೇ 26ರಂದು ತೀರ್ಪಿತ್ತಿತು. ದೇವಳಾಲಿಯ ಬಾರ್ನ್ಸ್ ಹೈಸ್ಕೂಲಿನ ಪ್ರಕರಣವದು.

ಇದಕ್ಕೆ ಒಂಬತ್ತು ದಿವಸ ಮುಂಚೆ, ಮೇ 17ರಂದು, ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಬ್ರೌನ್ ಪ್ರಕರಣದಲ್ಲಿ ಬಿಳಿಯರಿಗೆ ಬೇರೆ, ಕರಿಯರಿಗೆ ಬೇರೆ ಸರ್ಕಾರಿ ಶಾಲೆಗಳನ್ನು ನಡೆಸುವುದು ಸಂವಿಧಾನಕ್ಕೆ ವಿರುದ್ಧವೆಂದು ಸಾರಿದ್ದಿತು. ಅಲ್ಲಿ ಮುಂದೆ ನಡೆದದ್ದು ನಮ್ಮ ವಿಷಯಕ್ಕೆ ತೀರ ಹತ್ತಿರವಾದುದು. ವರ್ಜೀನಿಯದ ಪ್ರಿನ್ಸ್ ಎಡ್ವರ್ಡ್ ಕೌಂಟಿಯವರು ಬಿಳಿಯ ಮತ್ತು ಕರಿಯ ಮಕ್ಕಳನ್ನು ಒಟ್ಟಿಗೆ ಕೂರಿಸುವುದಕ್ಕಿಂತ ಮೇಲೆಂದು 1959ರಲ್ಲಿ ಸರ್ಕಾರಿ ಶಾಲೆಗಳನ್ನೇ ಮುಚ್ಚಿದರು. ಬಿಳಿಯರ ಮಕ್ಕಳಿಗಾಗಿ ಖಾಸಗಿ ಶಾಲೆ ತೆರೆಯಿತು. ಸರ್ಕಾರಿ ಶಾಲೆಗಳು ಮತ್ತೆ ತೆರೆದದ್ದು 1964ರಲ್ಲಿ. ಕಾನೂನು ಬಾಗಿಲನ್ನು ತೆರೆಯಬಲ್ಲುದು. ಅನುಕೂಲವಂತರು ಹಿಂದಿನ ಬಾಗಿಲಿನಿಂದ ಹೊರಟುಹೋಗುವುದನ್ನು ತಡೆಯಲಾರದು. ಕಾಫಿ ಸೀಮೆಯಲ್ಲಿ ಯಾರೂ ಶಾಲೆಯನ್ನು ಹಾಗೆ ಮುಚ್ಚಲಿಲ್ಲ. ಗದ್ದಲವೂ ಆಗಲಿಲ್ಲ. ಅನುಕೂಲವಂತರು ಸುಮ್ಮನೆ ಹೊರಟರು.

ಹೊರಡಲು ಹಣ ಬೇಕು. ಆ ಹಣ ಕಾಫಿಯಿಂದ ಬಂದಿತು. ಐರೋಪ್ಯರು ತೋಟಗಳನ್ನು ಮಾರಿ ಹೋಗುತ್ತ ಬಂದಂತೆ ಬಂಗಲೆಯೂ, ಕ್ಲಬ್ಬಿನ ಸದಸ್ಯತ್ವವೂ, ಅವುಗಳೊಡನೆ ಬೆಂಗಳೂರಿನ ಶಾಲೆಯೂ ಭಾರತೀಯ ಬೆಳೆಗಾರರ ಪಾಲಿಗೆ ಬಂದುವು. ಕಾಫಿ ಬೋರ್ಡಿನ ಪೂಲ್ ಪದ್ಧತಿಯ ಕಾಲದಲ್ಲಿ ಬೆಳೆಗಾರರಿಗೆ ಹಣವು ಕಂತುಕಂತಾಗಿ ಬರುತ್ತಿದ್ದಿತು. 1992ರಿಂದ 1996ರೊಳಗೆ ಮಾರುಕಟ್ಟೆಯು ಹಂತಹಂತವಾಗಿ ಮುಕ್ತವಾಯಿತು. ನಡುವೆ 1994ರಲ್ಲಿ ಬ್ರೆಜಿಲಿನ ತೋಟಗಳನ್ನು ಹಿಮ ಸುಟ್ಟು ಬೆಲೆ ಗಗನಕ್ಕೇರಿತು. ವಸತಿ ಶಾಲೆಗೆ ಮಕ್ಕಳನ್ನು ಕಳುಹಿಸುವುದು ದೊಡ್ಡ ಹಿಡುವಳಿದಾರರಿಂದ ಮಧ್ಯಮ ಬೆಳೆಗಾರರವರೆಗೆ ಇಳಿದುಬರಲು ಈ ವರ್ಷಗಳು ಬಹಳ ನೆರವಾದುವೆಂದು ನಮಗೆ ತೋರುತ್ತದೆ. ಈ ಶತಮಾನದ ಮೊದಲ ವರ್ಷಗಳಲ್ಲಿ ಬೆಲೆ ಕುಸಿದಾಗ ತೋಟಕ್ಕೆ ಗೊಬ್ಬರ ಕಡಮೆಮಾಡಿ ಶುಲ್ಕ ಕಟ್ಟಿದ ಮನೆಗಳುಂಟು.

ಕಳಸದ ಕಡೆಯವರ ದಾರಿ ಸ್ವಲ್ಪ ಬೇರೆ. ಕಳಸವು ಹಿಂದೆ ಕಾರ್ಕಳದ ಭೈರರಸರ ರಾಜ್ಯದ ಘಟ್ಟದ ಮೇಲಿನ ನೆಲೆ. ಅಲ್ಲಿಯವರ ವ್ಯಾಪಾರ, ಯಾತ್ರೆ, ನಂಟಸ್ತಿಕೆಗಳು ಎಂದಿನಿಂದಲೂ ಘಟ್ಟದ ಕೆಳಗಿನವರೊಡನೆ. ಆದುದರಿಂದ ಅವರಿಗೆ ಪಟ್ಟಣವೆಂದರೆ ಬೆಂಗಳೂರಿಗಿಂತ ಮೊದಲು ಮಂಗಳೂರು. 1880ರ ಸೇಂಟ್ ಅಲೋಷಿಯಸ್ ಮೊದಲ್ಗೊಂಡು ಉಜಿರೆ, ಮೂಡುಬಿದಿರೆಗಳ ಇತ್ತೀಚಿನ ಸಂಸ್ಥೆಗಳವರೆಗೆ ಈ ಒಲವು ಸಾಗಿಬಂದಿದೆ. ಮೂಡಿಗೆರೆಯವರಿಗೂ ಚಾರ್ಮಾಡಿ ಘಟ್ಟವಿಳಿದರೆ ಉಜಿರೆ ಹತ್ತಿರವೇ. ಚಿಕ್ಕಮಗಳೂರಿಗೆ ರೈಲು ಬಂದದ್ದಾದರೂ 2013ರಲ್ಲಿ. ಹೆಣ್ಣುಮಕ್ಕಳನ್ನು ಹತ್ತಿರದ ಕಾನ್ವೆಂಟಿನಲ್ಲಿ, ಗಂಡುಮಕ್ಕಳನ್ನು ದೂರದಲ್ಲಿ ಓದಿಸುವ ಪದ್ಧತಿ ಬಹುಕಾಲ ನಡೆಯಿತು. ಈಗ ಅದು ಸಡಿಲವಾಗಿದೆ.

ಇಷ್ಟರವರೆಗೆ ಹೋದವರ ಮಾತಾಯಿತು. ಅವರು ಯಾರ ಸಹವಾಸವನ್ನು ಬಿಟ್ಟು ಹೋದರು? ತೋಟದ ಲೈನುಗಳಲ್ಲಿ ವಾಸಿಸುವವರ ಮಕ್ಕಳ ಸಹವಾಸವನ್ನು. ದಕ್ಷಿಣ ಕನ್ನಡದಿಂದ ಮೇಸ್ತ್ರಿಗಳ ಮುಂಗಡ ಪಡೆದು ಘಟ್ಟವೇರಿದ ತುಳುವರು, ತಮಿಳರು, ಊರಿನ ದಲಿತರು, ಹಸಲರು, ಮಲೆಕುಡಿಯರು. ಇತ್ತೀಚಿನ ವರ್ಷಗಳಲ್ಲಿ ಅಸ್ಸಾಮಿನಿಂದ ಬಂದವರು. 1951ರ ತೋಟ ಕಾರ್ಮಿಕರ ಕಾನೂನು, ಕೆಲಸಗಾರರ ಮಕ್ಕಳಲ್ಲಿ ಆರರಿಂದ ಹನ್ನೆರಡು ವಯಸ್ಸಿನವರು 25ಕ್ಕಿಂತ ಹೆಚ್ಚಾಗಿದ್ದ ಕಡೆ ಅವರ ಓದಿಗೆ ಮಾಲಿಕನು ಏರ್ಪಾಡು ಮಾಡಬೇಕೆಂಬ ನಿಯಮವನ್ನು ಮಾಡಲು ರಾಜ್ಯ ಸರ್ಕಾರಗಳಿಗೆ ಅಧಿಕಾರ ಕೊಟ್ಟಿದ್ದಿತು. ಕಾನೂನನ್ನು ಬರೆದವರ ಮನಸ್ಸಿನಲ್ಲಿಯೂ ತೋಟದ ಯಜಮಾನನ ಮಗುವೂ ಕೆಲಸಗಾರನ ಮಗುವೂ ಒಂದೇ ಶಾಲೆಗೆ ಹೋಗುವ ಚಿತ್ರವಿರಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಕೊಯ್ಲಿನ ತಿಂಗಳುಗಳಲ್ಲಿ, ನವೆಂಬರಿನಿಂದ ಫೆಬ್ರವರಿ-ಮಾರ್ಚಿನವರೆಗೆ, ಕುಟುಂಬಗಳು ತೋಟದಿಂದ ತೋಟಕ್ಕೆ ಸರಿಯುತ್ತವೆ. ಶಾಲೆಯ ವರ್ಷವಾದರೋ ಜೂನಿನಲ್ಲಿ ಮೊದಲಾಗುತ್ತದೆ. ಮಗುವಿನ ಹಾಜರಿ ಎಲ್ಲಿ ತಪ್ಪುತ್ತದೆಂಬುದನ್ನು ಹೇಳಬೇಕಾಗಿಲ್ಲ.

ಊರಿನ ಶಾಲೆಯ ಛಾವಣಿ ಸೋರಿದಾಗ, ಉಪಾಧ್ಯಾಯರ ಹುದ್ದೆ ಖಾಲಿ ಬಿದ್ದಾಗ, ಜಿಲ್ಲಾ ಕಚೇರಿಯವರೆಗೆ ಹೋಗಿ ಕೇಳಬಲ್ಲವರು ಯಾರೋ ಅವರ ಮಕ್ಕಳೇ ಆ ಶಾಲೆಯಲ್ಲಿಲ್ಲ. ಪಟ್ಟಣದ ಶಾಲೆಯ ಆಯ್ಕೆಯಿಂದ ಮಲೆನಾಡಿಗಾದ ದೊಡ್ಡ ನಷ್ಟ ಇದು. ಹೋದ ಮಕ್ಕಳ ಶುಲ್ಕದ ಹಣವಲ್ಲ, ಅವರ ತಂದೆತಾಯಿಗಳ ದನಿ. ಕಳಸದ ಬಳಿಯ ಕುದುರೆಮುಖದಲ್ಲಿ ಇದರ ಮರುಮುಖವನ್ನು ಕಾಣಬಹುದು. 1976ರಲ್ಲಿ ಸ್ಥಾಪಿತವಾದ ಸಾರ್ವಜನಿಕ ವಲಯದ ಅದಿರು ಕಂಪನಿಯು ಅಲ್ಲಿ ಊರನ್ನೇ ಕಟ್ಟಿತು. ಶಾಲೆಯು ಅಲ್ಲಿ ಉದ್ಯೋಗದೊಡನೆ ಬಂದ ಸೌಲಭ್ಯ, ಕಾಡಿನ ನಡುವೆಯೂ ಅದಕ್ಕೆ ಕೇಳುವವರಿದ್ದರು. ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು, ಕೇಳುವವರು ಹೋದರು, ಊರು ಬರಿದಾಯಿತು. ಗಣಿ ನಿಂತದ್ದು ಕಾಡಿನ ದೃಷ್ಟಿಯಿಂದ ಒಳ್ಳೆಯದೇ ಆಯಿತೆಂಬುದು ಬೇರೆ ಮಾತು.

ಕೊನೆಯದಾಗಿ, ಪಟ್ಟಣದ ಶಾಲೆಯನ್ನು ಬಯಸುವವರೆಲ್ಲರೂ ಒಂದೇ ಕಾರಣಕ್ಕೆ ಬಯಸುವುದಿಲ್ಲವೆಂಬ ವಿಷಯ. ಲೈನಿನ ತಂದೆಯೂ ಇಂದು ಮಗಳನ್ನು ಪಟ್ಟಣದಲ್ಲಿ ಓದಿಸಬೇಕೆನ್ನುತ್ತಾನೆ. ಸಹವಾಸದ ಮಾತನ್ನು ಅವನೂ ಆಡುತ್ತಾನೆ. ಆದರೆ ಅವನ ಮಾತಿನ ಅರ್ಥ ತಲೆಕೆಳಗು. ಊರಿನ ಶಾಲೆಯಲ್ಲಿ ತನ್ನ ಮಗಳು ಯಾವ ತೋಟದ ಯಾವ ಲೈನಿನವಳೆಂಬುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ ಕಡೆ ಅವಳು ಕುಳಿತುಕೊಳ್ಳಲಿ ಎಂಬುದು ಅವನ ಆಸೆ. ಯಜಮಾನನು ತನ್ನ ಗುರುತನ್ನು ಉಳಿಸಿಕೊಳ್ಳಲು ಮಗನನ್ನು ಕಳುಹಿಸಿದರೆ, ಕೆಲಸಗಾರನು ಗುರುತನ್ನು ಕಳೆದುಕೊಳ್ಳಲು ಮಗಳನ್ನು ಕಳುಹಿಸುತ್ತಾನೆ. ಹಳ್ಳಿಯನ್ನು ಕುರಿತು ಅಂಬೇಡ್ಕರರಿಗಿದ್ದ ಅವಿಶ್ವಾಸವನ್ನು ಬಲ್ಲವರಿಗೆ ಇದು ಹೊಸದೆನಿಸಲಾರದು. ಈ ಎರಡು ಆಯ್ಕೆಗಳನ್ನು ‘ಇಂಗ್ಲಿಷ್ ವ್ಯಾಮೋಹ’ವೆಂಬ ಒಂದೇ ಹೆಸರಿನಿಂದ ಕರೆಯುವ ನಮ್ಮ ಭಾಷಾಭಿಮಾನಿಗಳೊಡನೆ ನಾವು ಒಪ್ಪಲಾರೆವು.

ಕೆಲಸಗಾರನ ಆಸೆಗೆ ಕಾನೂನು ಸ್ವಲ್ಪ ಕಾಲ ಆಸರೆಯಾಯಿತು. 2009ರ ಶಿಕ್ಷಣ ಹಕ್ಕಿನ ಕಾನೂನು ಖಾಸಗಿ ಶಾಲೆಗಳ ಪ್ರವೇಶದಲ್ಲಿ ನೂರಕ್ಕೆ 25 ಸ್ಥಾನಗಳನ್ನು ದುರ್ಬಲ ವರ್ಗದವರಿಗೆ ಮೀಸಲಿಟ್ಟಿತು. 2012ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಆದರೆ ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಗೆ ಈ ಹೊಣೆ ಇಲ್ಲವೆಂದು 2019ರ ವೇಳೆಗೆ ಕರ್ನಾಟಕ ಸರ್ಕಾರವು ನಿಯಮವನ್ನು ತಿದ್ದಿದುದರಿಂದ ಅಂಥ ಸ್ಥಾನಗಳು ಬಹುಮಟ್ಟಿಗೆ ಕಡಮೆಯಾದುವು. ಅದೇ ವರ್ಷ ಆಯ್ದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳನ್ನು ತೆರೆಯಲಾಯಿತು. ಇವೆರಡರ ನಡುವೆ, 2014ರ ಮೇ 6ರಂದು, ಮಾಧ್ಯಮದ ಆಯ್ಕೆಯು ಮಗುವಿನ ಮತ್ತು ಅದರ ಪರವಾಗಿ ಪೋಷಕರ ಹಕ್ಕೆಂದು ನ್ಯಾಯಾಲಯದ ಸಂವಿಧಾನ ಪೀಠವು ಹೇಳಿದ್ದಿತು. ಆಯ್ಕೆಯ ಹಕ್ಕು ಈಗ ಎಲ್ಲರಿಗೂ ಇದೆ. ಶುಲ್ಕವು ಮಾತ್ರ ಎಲ್ಲರ ಕೈಯಲ್ಲಿಲ್ಲ.

ಈ ಇತಿಹಾಸವನ್ನು ಇನ್ನೂ ನಿಖರವಾಗಿ ಬರೆಯಲು ಬೇಕಾದ ಆಕರವು ಈ ಸೀಮೆಯ ಹಳೆಯ ಶಾಲೆಗಳ ಪೆಟ್ಟಿಗೆಗಳಲ್ಲಿಯೇ ಇದೆ. ಪ್ರವೇಶ ದಾಖಲೆಯ ಪುಸ್ತಕದಲ್ಲಿ ಮಗುವಿನ ಹೆಸರು, ಜಾತಿ, ತಂದೆಯ ಕಸುಬು, ಸೇರಿದ ಮತ್ತು ಬಿಟ್ಟ ದಿನಾಂಕ, ಬಿಟ್ಟ ಕಾರಣ ಇವುಗಳಿಗೆ ಅಂಕಣಗಳಿರುತ್ತವೆ. ಕಾಫಿಯ ಬೆಲೆಯೇರಿದ ವರ್ಷಗಳನ್ನೂ ಬೆಳೆಗಾರರ ಮಕ್ಕಳು ಶಾಲೆ ಬಿಟ್ಟ ವರ್ಷಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಮೇಲಿನ ನಮ್ಮ ಊಹೆಗಳಲ್ಲಿ ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂಬುದು ತಿಳಿದೀತು. ಮಕ್ಕಳಿಲ್ಲದ ಶಾಲೆಗಳನ್ನು ಮುಚ್ಚುವ ಇಲ್ಲವೆ ಬೇರೆ ಶಾಲೆಗಳೊಡನೆ ಸೇರಿಸುವ ಸಮಯದಲ್ಲಿ ಬೆಂಚು, ಕಪ್ಪುಹಲಗೆಗಳ ಪಟ್ಟಿಯನ್ನು ತಪ್ಪದೆ ಮಾಡುತ್ತಾರೆ. ಆ ಪಟ್ಟಿಯಲ್ಲಿ ಈ ಪುಸ್ತಕಗಳನ್ನೂ ಸೇರಿಸಿ, ಮಲೆನಾಡಿನ ಮಳೆ ಮತ್ತು ಗೆದ್ದಲುಗಳ ಬಾಯಿಗೆ ಬೀಳುವ ಮುನ್ನ ಜಿಲ್ಲೆಯ ಯಾವುದಾದರೊಂದು ಕಾಲೇಜಿನ ಪುಸ್ತಕಭಂಡಾರದಲ್ಲಿ ಇರಿಸುವಂತೆ ಮೂಡಿಗೆರೆ, ಕಳಸಗಳ ಮುಖ್ಯೋಪಾಧ್ಯಾಯರನ್ನು ನಾವು ಪ್ರಾರ್ಥಿಸುತ್ತೇವೆ.